ಎಕ್ಸ್‌ಎಲ್ ಅಂದರೆ ಎಷ್ಟು ಸೆಂಟಿಮೀಟರ್?

ಗೆ,
ನಿಯಂತ್ರಕರು,
ಕಾನೂನು ಮಾಪನಶಾಸ್ತ್ರ ಇಲಾಖೆ, ಕರ್ನಾಟಕ ಸರ್ಕಾರ,
ಹಾಗೂ ಹೆಂಗಸರ ರೆಡಿಮೇಡ್ ಬಟ್ಟೆ ಹೊಲಿಸುವ, ಮಾರುವ ಎಲ್ಲರಿಗೂ

ಮಾನ್ಯರೇ,

ಬಟ್ಟೆ ಅಂಗಡಿಯಲ್ಲಿ ಎರಡೂವರೆ ಮೀಟರ್ ಕಾಟನ್ ಕೇಳಿದರೆ ಅಂಗಡಿಯವರು ಕಬ್ಬಿಣದ ಮೀಟರ್ ಕೋಲಿನಲ್ಲಿ ಅಳೆದು ಕತ್ತರಿಸಿ ಕೊಡುತ್ತಾರೆ. ಆ ಕೋಲಿನ ಮೇಲೆ ನಿಮ್ಮ ಇಲಾಖೆಯ ಮುದ್ರೆ ಇರುತ್ತದೆ. ನಾಲ್ಕು ಬೆರಳು ಕಡಿಮೆ ಬಂದರೆ ಗಿರಾಕಿ ಅಲ್ಲೇ ಜಗಳಕ್ಕೆ ನಿಲ್ಲಬಹುದು, ಕಾನೂನು ಅವಳ ಕಡೆ ಇದೆ. ಅದೇ ಎರಡೂವರೆ ಮೀಟರ್ ಕಾಟನ್ ಕುರ್ತಾ ಆಗಿ ಪಕ್ಕದ ಅಂಗಡಿಯ ಹ್ಯಾಂಗರ್ ಮೇಲೆ ನೇತಾಡುತ್ತಿದ್ದರೆ ಅದರ ಅಳತೆ ಏನು? ಎಕ್ಸ್‌ಎಲ್. ಎಕ್ಸ್‌ಎಲ್ ಅಂದರೆ ಎಷ್ಟು ಅಂತ ಕೇಳಿದರೆ, 'ಹಾಕಿ ನೋಡಿ ಮೇಡಂ' ಅನ್ನುತ್ತಾರೆ.

ನಾನು ಮೈಸೂರಿನಲ್ಲಿ ಒಂದು ಸಣ್ಣ ಆಲ್ಟರೇಷನ್ ಅಂಗಡಿ ಇಟ್ಟುಕೊಂಡಿದ್ದೇನೆ. ಅದಕ್ಕೆ ಮೊದಲು ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಚೆಕಿಂಗ್ ಸೆಕ್ಷನ್‌ನಲ್ಲಿದ್ದೆ. ಕತ್ತಿಗೆ ಟೇಪು ಹಾಕಿಕೊಂಡೇ ಇಷ್ಟು ವರ್ಷ ಕಳೆದಿದ್ದೇನೆ. ಹಾಗಾಗಿ ಈ ಪತ್ರ ಫ್ಯಾಷನ್ ಬಗ್ಗೆ ಅಲ್ಲ, ಅಳತೆ ಬಗ್ಗೆ. ಅಳತೆ ನಿಮ್ಮ ಇಲಾಖೆಯ ವಿಷಯ ತಾನೇ, ಅದಕ್ಕೆ ನಿಮಗೇ ಬರೆಯುತ್ತಿದ್ದೇನೆ.

ಈಗ ನನ್ನ ಕಟಿಂಗ್ ಟೇಬಲ್ ಮೇಲೆ ಬಿದ್ದಿರುವ ಎಕ್ಸ್‌ಎಲ್ ಕುರ್ತಾಗಳನ್ನೇ ನೋಡಿ. ಕಂಕುಳಿನಿಂದ ಕಂಕುಳಿಗೆ ಟೇಪು ಹಿಡಿದು ಎರಡರಿಂದ ಗುಣಿಸಿದರೆ ಒಂದು 42 ಇಂಚು, ಇನ್ನೊಂದು 44, ಮತ್ತೊಂದು 46½. ಮೂರಕ್ಕೂ ಒಂದೇ ಟ್ಯಾಗ್. ಮೂರನ್ನೂ ಒಬ್ಬಳೇ ಹೆಂಗಸು ಹಾಕಿಕೊಂಡರೆ ಒಂದು ಉಸಿರು ಕಟ್ಟಿಸುತ್ತದೆ, ಒಂದು ಸರಿಯಾಗಿ ಕೂರುತ್ತದೆ, ಒಂದು ನೈಟಿ ಥರ ಆಗುತ್ತದೆ.

ನಮ್ಮ ಕಡೆ ಕುರ್ತಾಕ್ಕೆ ಒಂದು ಲೆಕ್ಕ ಚಾಲ್ತಿಯಲ್ಲಿದೆ. ಸ್ಮಾಲ್ 36, ಮೀಡಿಯಂ 38, ಲಾರ್ಜ್ 40, ಎಕ್ಸ್‌ಎಲ್ 42, ಡಬಲ್ ಎಕ್ಸ್‌ಎಲ್ 44, ತ್ರೀ ಎಕ್ಸ್‌ಎಲ್ 46. ಇದು ಎದೆ ಸುತ್ತಳತೆ, ಇಂಚಿನಲ್ಲಿ. ಕೇಳಲು ಚೆನ್ನಾಗಿದೆ. ಆದರೆ 42 ಯಾರದು? ಮೈಯದೋ, ಬಟ್ಟೆಯದೋ? ಇದನ್ನು ಯಾರೂ ಹೇಳುವುದಿಲ್ಲ. ಕಾಟನ್ ಬಟ್ಟೆ ಎಳೆದರೆ ಬರುವುದಿಲ್ಲ. ಕೈ ಎತ್ತಬೇಕು, ಬಸ್ಸಿನಲ್ಲಿ ರಾಡ್ ಹಿಡಿಯಬೇಕು, ಉಸಿರಾಡಬೇಕು. ಅದಕ್ಕೆ ಮೈ ಅಳತೆಗಿಂತ ಮೂರು ನಾಲ್ಕು ಇಂಚು ಲೂಸ್ ಬಿಟ್ಟು ಕತ್ತರಿಸಬೇಕು. 42 ಅನ್ನುವುದು ಬಟ್ಟೆಯ ಅಳತೆ ಆಗಿದ್ದರೆ ಅದು 38ರ ಮೈಗೆ ಸರಿ. ಮೈಯ ಅಳತೆ ಆಗಿದ್ದರೆ ಬಟ್ಟೆ 45-46 ಇರಬೇಕು. ಒಂದು ಬ್ರ್ಯಾಂಡ್ ಹೀಗೆ ಲೆಕ್ಕ ಹಾಕುತ್ತದೆ, ಇನ್ನೊಂದು ಹಾಗೆ. ಟ್ಯಾಗ್ ಮೇಲೆ ಮಾತ್ರ ಇಬ್ಬರೂ 42 ಅಂತಲೇ ಬರೆಯುತ್ತಾರೆ. ಲೆಗಿಂಗ್ಸ್ ಕಥೆ ಬೇರೆ, ಅದು ಎಳೆದಷ್ಟು ಬರುತ್ತದೆ. ಅದಕ್ಕೇ ಅದರ ಮೇಲೆ ಧೈರ್ಯವಾಗಿ 'ಫ್ರೀ ಸೈಜ್' ಅಂತ ಹಾಕುತ್ತಾರೆ.

ಅಂಗಡಿಗೆ ಬರುವವರು ಬಟ್ಟೆಯನ್ನು ಬೈಯುವುದಿಲ್ಲ, ಅದೇ ನನಗೆ ಬೇಜಾರು. 'ನಾನೇ ದಪ್ಪ ಆಗಿಬಿಟ್ಟೆ ಅಕ್ಕ, ಹೋದ ಸಲ ಎಕ್ಸ್‌ಎಲ್ ಸರಿಹೋಗ್ತಿತ್ತು' ಅನ್ನುತ್ತಾರೆ. ನನ್ನ ಹತ್ತಿರ ಅಳತೆ ಪುಸ್ತಕ ಇರುತ್ತದೆ. ತೆಗೆದು ನೋಡಿದರೆ ಅವರ ಎದೆ ಸುತ್ತಳತೆ ಹೋದ ವರ್ಷದ್ದೇ. ಬದಲಾಗಿರುವುದು ಬ್ರ್ಯಾಂಡ್.

ಇದು ರೆಗ್ಯುಲರ್ ಸೈಜಿನ ಮಾತಾಯಿತು. ಪ್ಲಸ್ ಸೈಜಿನ, ಅಂದರೆ ಮೈಕೈ ತುಂಬಿಕೊಂಡವರ ಸೈಜಿನ, ತಾಪತ್ರಯ ಇದಕ್ಕಿಂತ ಜಾಸ್ತಿ.

ಮೊನ್ನೆ ಒಬ್ಬ ಟೀಚರ್ ಆನ್‌ಲೈನ್‌ನಲ್ಲಿ ತರಿಸಿದ ತ್ರೀ ಎಕ್ಸ್‌ಎಲ್ ಕುರ್ತಾ ತಂದಿದ್ದರು. ಹಾಕಿಸಿ ನೋಡಿದೆ. ಶೋಲ್ಡರ್ ಎರಡೂ ಕಡೆ ಮುಕ್ಕಾಲು ಇಂಚು ಕೆಳಗೆ ಜಾರಿತ್ತು. ಕುತ್ತಿಗೆ ಅಗಲವಾಗಿ ಒಳಗಿನ ಸ್ಟ್ರ್ಯಾಪ್ ಕಾಣುತ್ತಿತ್ತು. ಅಷ್ಟೆಲ್ಲ ದೊಡ್ಡದಾದ ಕುರ್ತಾದಲ್ಲಿ ರೆಟ್ಟೆ ಮಾತ್ರ ಹಿಡಿದುಕೊಂಡಿತ್ತು. ಟೇಪು ಹಿಡಿದೆ. ಅವರ ಶೋಲ್ಡರ್ 15 ಇಂಚು, ಕುರ್ತಾದ್ದು 16½. ಅವರ ರೆಟ್ಟೆ 16 ಇಂಚು, ತೋಳಿನದ್ದು 15½. ಎದೆ ಬೇಕಾದಷ್ಟು ಲೂಸ್ ಇತ್ತು. 'ನಂದು ಯಾವ ಸೈಜ್ ಅಂತ ಹೇಳಿಬಿಡಿ' ಅಂದರು. ಏನು ಹೇಳಲಿ? ಭುಜಕ್ಕೆ ಲಾರ್ಜ್, ರೆಟ್ಟೆಗೆ ಫೋರ್ ಎಕ್ಸ್‌ಎಲ್.

ಅವರ ಮೈಯಲ್ಲಿ ವಿಚಿತ್ರ ಏನೂ ಇಲ್ಲ. ಹೆಚ್ಚಿನವರ ಮೈ ಇರುವುದೇ ಹಾಗೆ. ದಪ್ಪ ಆದರೆ ಮೂಳೆ ಅಗಲ ಆಗುವುದಿಲ್ಲ. ಎದೆ, ಹೊಟ್ಟೆ, ಸೀಟು (ಕೂರುವ ಭಾಗ), ರೆಟ್ಟೆ ತುಂಬಿಕೊಳ್ಳುತ್ತವೆ. ಭುಜ ಇದ್ದಲ್ಲೇ ಇರುತ್ತದೆ. ಕುತ್ತಿಗೆ ಅಲ್ಪಸ್ವಲ್ಪ.

ಬಟ್ಟೆ ತಯಾರಾಗುವುದು ಹೇಗೆ ಅಂದರೆ, ಮೊದಲು ಒಂದು ಸ್ಯಾಂಪಲ್ ಸೈಜಿಗೆ, ಸಾಮಾನ್ಯವಾಗಿ ಮೀಡಿಯಂಗೆ, ಪ್ಯಾಟರ್ನ್ ಅಂದರೆ ಬಟ್ಟೆ ಕತ್ತರಿಸುವ ಮಾದರಿ ಮಾಡುತ್ತಾರೆ. ಆಮೇಲೆ ಒಂದೊಂದು ಸೈಜಿಗೂ ಎದೆಗೆ ಇಷ್ಟು, ಶೋಲ್ಡರ್‌ಗೆ ಇಷ್ಟು, ಉದ್ದಕ್ಕೆ ಇಷ್ಟು ಅಂತ ಸೇರಿಸುತ್ತಾ ಹೋಗುತ್ತಾರೆ. ಇದಕ್ಕೆ ಗ್ರೇಡಿಂಗ್ ಅನ್ನುತ್ತಾರೆ. ಎರಡು ಸೈಜ್ ಆಚೆ ಈಚೆ ಆದರೆ ಈ ಲೆಕ್ಕ ನಡೆಯುತ್ತದೆ. ಮೀಡಿಯಂ ಶೋಲ್ಡರ್ 14½ ಅಂತಿಟ್ಟುಕೊಳ್ಳಿ. ಸೈಜಿಗೆ ಅರ್ಧ ಇಂಚು ಸೇರಿಸಿದರೆ ತ್ರೀ ಎಕ್ಸ್‌ಎಲ್‌ಗೆ ಬರುವಷ್ಟರಲ್ಲಿ 16½. ಟೀಚರ್ ಕುರ್ತಾ ಹುಟ್ಟಿದ್ದು ಹೀಗೆ. ಜೆರಾಕ್ಸ್ ಅಂಗಡಿಯಲ್ಲಿ ಫೋಟೋ ದೊಡ್ಡದು ಮಾಡಿಸಿದ ಹಾಗೆ, ಮೂಗೂ ದೊಡ್ಡದು, ಕಿವಿಯೂ ದೊಡ್ಡದು.

ಪ್ಲಸ್ ಸೈಜಿಗೆ ಬೇರೆ ಪ್ಯಾಟರ್ನ್ ಬೇಕು. ಆ ಮೈಯ ಹೆಂಗಸಿಗೇ ಹಾಕಿಸಿ ನೋಡಿ ಮಾಡಿದ ಪ್ಯಾಟರ್ನ್. ಕಂಕುಳ ಹತ್ತಿರ ಸುತ್ತಳತೆ ಜಾಸ್ತಿ, ಎದೆ ಹತ್ತಿರ ಡಾಟ್ (ಮೈಗೆ ಕೂರಲು ಹಾಕುವ ಮಡಿಕೆ ಹೊಲಿಗೆ), ತೋಳು ಅಗಲ, ಮುಂದಿನ ಭಾಗ ಹಿಂದಿನದಕ್ಕಿಂತ ಸ್ವಲ್ಪ ಉದ್ದ. ಶೋಲ್ಡರ್ ಮಾತ್ರ ಅವಳ ಮೂಳೆಗೆ ತಕ್ಕಷ್ಟು.

ಇದು ನಮಗೆ ಗೊತ್ತಿಲ್ಲದ ವಿದ್ಯೆ ಅಂದುಕೊಳ್ಳಬೇಡಿ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಫ್ಯಾಕ್ಟರಿಗಳಲ್ಲಿ ನಮ್ಮ ಹೆಣ್ಣುಮಕ್ಕಳೇ ಇದನ್ನು ಹೊಲಿಯುತ್ತಾರೆ. ನಾನಿದ್ದ ಕಡೆ ಅಮೆರಿಕದ ಆರ್ಡರ್ ಬಂದರೆ ಎರಡು ಸ್ಪೆಕ್ ಶೀಟ್, ಅಂದರೆ ಅಳತೆ ಪಟ್ಟಿ, ಬರುತ್ತಿದ್ದವು. ಮಿಸ್ಸಿ ಒಂದು, ಪ್ಲಸ್ ಒಂದು. ಮಿಸ್ಸಿ ಅಂದರೆ ರೆಗ್ಯುಲರ್. ಮಿಸ್ಸಿಯ ಎಕ್ಸ್‌ಎಲ್ ಬೇರೆ, ಪ್ಲಸ್‌ನ ಒನ್ ಎಕ್ಸ್ ಬೇರೆ. ಎದೆ ಅಳತೆ ಹತ್ತಿರ ಹತ್ತಿರ ಇದ್ದರೂ ತೋಳು, ಕಂಕುಳು, ಹೊಟ್ಟೆ ಬೇರೆ. ಅವರ ನಂಬರಿನಲ್ಲೂ ಅಷ್ಟೇ, ಮಿಸ್ಸಿಯ 16 ಒಂದು, ಪ್ಲಸ್‌ನ 16 ಡಬ್ಲ್ಯು ಇನ್ನೊಂದು. ಶೋಲ್ಡರ್ ಕಾಲು ಇಂಚು ಹೆಚ್ಚುಕಡಿಮೆ ಆಗಬಹುದು, ಎದೆ ಅರ್ಧ ಇಂಚು. ಅದಕ್ಕಿಂತ ಆಚೆ ಹೋದರೆ ಪೀಸ್ ರಿಜೆಕ್ಟ್. ಅಲ್ಲಿನ ಹೆಂಗಸಿಗೆ ಕಾಲು ಇಂಚಿನ ಲೆಕ್ಕ. ಅದನ್ನು ಹೊಲಿದವಳು ಸಂಜೆ ತನಗೊಂದು ಟಾಪ್ ಕೊಂಡರೆ ನಾಲ್ಕು ಇಂಚು ಆಚೀಚೆ ಆದರೂ ಕೇಳುವವರಿಲ್ಲ. ಬೆಂಗಳೂರಿನಲ್ಲಿ ಮೈಕೈ ತುಂಬಿಕೊಂಡ ಹೆಂಗಸರು ಎಕ್ಸ್‌ಪೋರ್ಟ್ ಸರ್ಪ್ಲಸ್ ಅಂಗಡಿ ಹುಡುಕಿಕೊಂಡು ಹೋಗುವುದು ಬರೀ ರೇಟ್ ಕಮ್ಮಿ ಅಂತಲ್ಲ. ಅಲ್ಲಿ ತೋಳೊಳಗೆ ಕೈ ಹೋಗುತ್ತದೆ.

ತಯಾರಕರು ಇಲ್ಲಿ ಒಂದು ಮಾತು ಹೇಳುತ್ತಾರೆ, ಪ್ಲಸ್ ಸೈಜಿಗೆ ಬಟ್ಟೆ ಜಾಸ್ತಿ ಹಿಡಿಯುತ್ತೆ, ಅದಕ್ಕೇ ರೇಟೂ ಜಾಸ್ತಿ ಅಂತ. ಸುಳ್ಳಲ್ಲ. 44 ಇಂಚು ಅಗಲದ ಬಟ್ಟೆಯಲ್ಲಿ ಮೀಡಿಯಂ ಕುರ್ತಾದ ಒಂದು ಭಾಗ ಹೊಲಿಗೆಯ ಮಾರ್ಜಿನ್ ಸೇರಿ 22-23 ಇಂಚು ತೆಗೆದುಕೊಳ್ಳುತ್ತದೆ. ಪಕ್ಕದಲ್ಲಿ 21 ಇಂಚು ಉಳಿಯುತ್ತದೆ, ತೋಳು ಅದರಲ್ಲೇ ಬರುತ್ತದೆ. ತ್ರೀ ಎಕ್ಸ್‌ಎಲ್‌ಗೆ ಒಂದು ಭಾಗವೇ 27 ಇಂಚು. ಉಳಿಯುವುದು 17. ತೋಳಿಗೆ ಬೇಕಾಗಿರುವುದು 19. ಅಲ್ಲಿಗೆ ಇನ್ನೂ ಅರ್ಧ ಮೀಟರ್ ಬಟ್ಟೆ ಬೇಕು. ಅದನ್ನು ಉಳಿಸಲು ತೋಳನ್ನೇ 17ರೊಳಗೆ ಕತ್ತರಿಸಿಬಿಡುತ್ತಾರೆ ಅಂತ ನನ್ನ ಬಲವಾದ ಅನುಮಾನ. ಎಷ್ಟೋ ದೊಡ್ಡ ಸೈಜಿನ ಕುರ್ತಾದಲ್ಲಿ ಬೇರೆಲ್ಲ ಲೂಸ್ ಇದ್ದು ರೆಟ್ಟೆ ಮಾತ್ರ ಹಿಡಿಯುವುದಕ್ಕೆ ಬೇರೆ ಕಾರಣ ನನಗೆ ಹೊಳೆಯುವುದಿಲ್ಲ. ಆದರೆ ಅರ್ಧ ಮೀಟರ್ ಪೂರ್ತಿ ಜಾಸ್ತಿ ಹಿಡಿಯುವುದು ನನ್ನಂಥ ಒಂದೊಂದೇ ಪೀಸ್ ಕತ್ತರಿಸುವವರ ಕಷ್ಟ. ಫ್ಯಾಕ್ಟರಿಯಲ್ಲಿ ಒಂದೇ ಮಾರ್ಕರ್‌ನಲ್ಲಿ (ಬಟ್ಟೆಯ ಮೇಲೆ ಪ್ಯಾಟರ್ನ್ ಜೋಡಿಸುವ ನಕ್ಷೆ) ಸ್ಮಾಲನ್ನೂ ಡಬಲ್ ಎಕ್ಸ್‌ಎಲನ್ನೂ ಸೇರಿಸಿ ಜಾಗ ಹೊಂದಿಸುತ್ತಾರೆ, ಅವರಿಗೆ ಇಷ್ಟು ವೇಸ್ಟ್ ಆಗುವುದಿಲ್ಲ. ಸರಿ, ನೂರು ರೂಪಾಯಿ ಜಾಸ್ತಿ ತಗೊಳ್ಳಿ. ತಗೊಂಡ ಮೇಲೆ ತೋಳು ಸರಿ ಮಾಡಿಕೊಡಿ. ಈಗ ಆ ದುಡ್ಡೂ ಹೋಗುತ್ತದೆ, ಕಂಕುಳಿಗೆ ತುಂಡು ಕೊಡಿಸಲು ನನ್ನ ಹತ್ತಿರ ಬಂದು ಇನ್ನೊಂದಷ್ಟು ಹೋಗುತ್ತದೆ. ನನಗೆ ವ್ಯಾಪಾರ, ನಿಜ. ಆದರೂ ಹೊಸ ಬಟ್ಟೆಯ ಹೊಲಿಗೆ ಬಿಚ್ಚುವುದು ಖುಷಿಯ ಕೆಲಸ ಅಲ್ಲ.

ದೇಶಕ್ಕೆಲ್ಲ ಒಂದು ಸೈಜ್ ಚಾರ್ಟ್ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಕೇಂದ್ರ ಜವಳಿ ಸಚಿವಾಲಯಕ್ಕಾಗಿ ನಿಫ್ಟ್ ಅನ್ನುವ ಫ್ಯಾಷನ್ ಶಿಕ್ಷಣ ಸಂಸ್ಥೆ 'ಇಂಡಿಯಾಸೈಜ್' ಅಂತ ಸಮೀಕ್ಷೆ ಕೈಗೊಂಡಿತು. ದೇಶದ ಆರು ಭಾಗಗಳಲ್ಲಿ 15ರಿಂದ 65 ವರ್ಷದ 25,000 ಗಂಡಸರು, ಹೆಂಗಸರನ್ನು ತ್ರೀಡಿ ಸ್ಕ್ಯಾನರ್‌ನಲ್ಲಿ ನಿಲ್ಲಿಸಿ ಅಳೆಯುವ ಕೆಲಸ. ಒಳ್ಳೆಯ ಕೆಲಸವೇ. ನಮ್ಮ ಮೈಗೆ ಅಮೆರಿಕ, ಯುರೋಪಿನ ಚಾರ್ಟ್ ತಂದು ಹೊಂದಿಸುವುದು ಎಷ್ಟು ದಿನ? ಆದರೆ ಚಾರ್ಟ್ ಒಂದೇ ಸಾಲುವುದಿಲ್ಲ ಅನ್ನುವುದಕ್ಕೆ ಆ ಅಮೆರಿಕವೇ ಸಾಕ್ಷಿ.

1939-40ರಲ್ಲಿ ಅಲ್ಲಿನ ಕೃಷಿ ಇಲಾಖೆ ಸುಮಾರು 15,000 ಹೆಂಗಸರನ್ನು ಅಳೆಸಿತು. ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ ಅನ್ನುವವರು ಅದರ ಮುಂದಾಳುಗಳು. ಒಬ್ಬೊಬ್ಬರಿಗೆ 59 ಅಳತೆ! ಆದರೆ ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರ ಅಳತೆಯನ್ನು ಮಾತ್ರ. ಅದರ ಆಧಾರದ ಮೇಲೆ 1958ರಲ್ಲಿ ಸರ್ಕಾರ ಒಂದು ಮಾನದಂಡ ಹೊರಡಿಸಿತು. ಪಾಲಿಸಲೇಬೇಕು ಅಂತೇನೂ ಇರಲಿಲ್ಲ. ಬ್ರ್ಯಾಂಡ್‌ಗಳು ಮೆಲ್ಲಗೆ ತಮ್ಮ ದಾರಿ ಹಿಡಿದವು. ಗಿರಾಕಿಗೆ ತಾನು ಸಣ್ಣ ಸೈಜ್ ಅನ್ನಿಸಿದರೆ ಖುಷಿ, ಖುಷಿಯಾದರೆ ಕೊಳ್ಳುತ್ತಾಳೆ. ಬಟ್ಟೆ ದೊಡ್ಡದಾಗುತ್ತಾ ಹೋಯಿತು, ನಂಬರ್ ಅಷ್ಟೇ ಇತ್ತು. 1958ರ 8ನೇ ಸೈಜಿನ ಸೊಂಟ 23½ ಇಂಚು. ಇವತ್ತು ಅಲ್ಲಿನ ಎಷ್ಟೋ ಬ್ರ್ಯಾಂಡ್‌ಗಳ 8ರಲ್ಲಿ ಸೊಂಟ 28 ಇಂಚಿಗೂ ಮೇಲೆ. ಕೊನೆಗೆ 1983ರಲ್ಲಿ ಸರ್ಕಾರವೇ ಆ ಮಾನದಂಡವನ್ನು ಕೈಬಿಟ್ಟಿತು.

ಯುರೋಪಿನ ಅವಾಂತರ ಇನ್ನೊಂದು ಥರ. ಜರ್ಮನಿಯ 38 ಫ್ರಾನ್ಸಿನಲ್ಲಿ 40, ಇಂಗ್ಲೆಂಡಿನಲ್ಲಿ 12. ನನ್ನ ಒಬ್ಬ ಗಿರಾಕಿಯ ಮಗಳು ಜರ್ಮನಿಯಲ್ಲಿದ್ದಾಳೆ. ಅಮ್ಮ ಫೋನಿನಲ್ಲಿ 'ನಂದು 38' ಅಂದರು, ಅವಳು ಅಲ್ಲಿಯ 38 ಕೊಂಡು ಕಳಿಸಿದಳು. ನಮ್ಮ 38 ಅಂದರೆ 38 ಇಂಚು, ಸುಮಾರು 96 ಸೆಂಟಿಮೀಟರ್. ಅವರ 38 ಸುಮ್ನೆ ಒಂದು ಸಂಕೇತ, ಎದೆ ಹೆಚ್ಚುಕಡಿಮೆ 88 ಸೆಂಟಿಮೀಟರ್. ಎಂಟು ಸೆಂಟಿಮೀಟರ್ ನಾನು ಎಲ್ಲಿಂದ ತರಲಿ? ಮಾರ್ಜಿನ್ ಬಿಚ್ಚಿದರೂ ಅಷ್ಟು ಸಿಗುವುದಿಲ್ಲ. ಇದಕ್ಕೆ ಯುರೋಪಿನವರೇ ಇಎನ್ 13402 ಅಂತ ಒಂದು ಮಾನದಂಡ ಮಾಡಿದ್ದಾರೆ. ಟ್ಯಾಗ್ ಮೇಲೆ ಮೈಯ ಒಂದು ಸಣ್ಣ ಚಿತ್ರ, ಎದೆ, ಸೊಂಟ, ಸೀಟು ಎಲ್ಲಿ ಎಷ್ಟು ಸೆಂಟಿಮೀಟರ್ ಅಂತ ಪಕ್ಕದಲ್ಲಿ ನಂಬರ್. ಓದಲು ಬರದವರಿಗೂ ಅರ್ಥವಾಗುತ್ತದೆ. ಎಷ್ಟೋ ಅಂಗಡಿಗಳು ಹಳೆಯ 38, 40 ಬಿಟ್ಟಿಲ್ಲ ಅನ್ನುವುದು ಬೇರೆ ಮಾತು. ಉಪಾಯ ಮಾತ್ರ ಅದೇ. ಅಕ್ಷರವನ್ನು, ಸಂಕೇತದ ನಂಬರನ್ನು ಯಾರು ಬೇಕಾದರೂ ಎಳೆದಾಡಬಹುದು. ಸೆಂಟಿಮೀಟರನ್ನು ಎಳೆಯಲು ಬರುವುದಿಲ್ಲ.

ಈ ಒಂದು ಪ್ಯಾರಾ ಇಲಾಖೆಗಲ್ಲ, ಓದುತ್ತಿರುವ ಅಕ್ಕ ತಂಗಿಯರಿಗೆ. ನಮ್ಮಲ್ಲಿ ಹೆಚ್ಚಿನವರಿಗೆ ನಮ್ಮ ಅಳತೆಯೇ ಗೊತ್ತಿಲ್ಲ. ಸೀರೆಗೆ ಸೈಜಿಲ್ಲ, ಐದೂವರೆ ಮೀಟರ್ ಎಲ್ಲರಿಗೂ ಒಂದೇ. ಬ್ಲೌಸ್ ಹೊಲಿಸಲು ಅಳತೆ ಬ್ಲೌಸ್ ಕೊಟ್ಟು ಬಂದರೆ ಆಯಿತು. ರೆಡಿಮೇಡ್‌ಗೆ ಅದು ನಡೆಯುವುದಿಲ್ಲ. ಒಂದು ಟೇಪು ಇಟ್ಟುಕೊಳ್ಳಿ. ಎದೆಯ ಅತಿ ತುಂಬಿದ ಜಾಗದಲ್ಲಿ ಟೇಪು ಸುತ್ತಿ, ಬೆನ್ನ ಹಿಂದೆ ಕೆಳಗೆ ಜಾರದ ಹಾಗೆ ಯಾರಾದರೂ ನೋಡಿಕೊಳ್ಳಲಿ. ಉಸಿರು ಬಿಗಿ ಹಿಡಿಯಬೇಡಿ, ಹೊಟ್ಟೆ ಒಳಗೆ ಎಳೆಯಬೇಡಿ, ಯಾರಿಗೂ ತೋರಿಸುವುದಕ್ಕಲ್ಲ. ಸೀಟು ಮತ್ತು ರೆಟ್ಟೆ ಮರೆಯಬೇಡಿ, ಕುರ್ತಾ ಸ್ಲಿಟ್ ಹತ್ತಿರ ಎಳೆಯುವುದು ಸೀಟಿನಿಂದ. ಆನ್‌ಲೈನ್‌ನಲ್ಲಿ ಕೊಳ್ಳುವ ಮೊದಲು ನಿಮಗೆ ಸರಿಯಾಗಿ ಕೂರುವ ಒಂದು ಕುರ್ತಾವನ್ನು ಮಂಚದ ಮೇಲೆ ಹಾಸಿ ಅಳೆಯಿರಿ. ಚಾರ್ಟ್‌ನಲ್ಲಿ 'ಗಾರ್ಮೆಂಟ್' ಅಂತಿದ್ದರೆ ಆ ಕುರ್ತಾದ ಜೊತೆ ಹೋಲಿಸಿ, 'ಬಾಡಿ' ಅಂತಿದ್ದರೆ ನಿಮ್ಮ ಮೈ ಅಳತೆ ಜೊತೆ. ಎರಡೂ ಹೇಳದ ಚಾರ್ಟನ್ನು ನಂಬಬೇಡಿ.

ಇನ್ನು ನಿಮ್ಮ ಕಡೆಗೆ ಬರುತ್ತೇನೆ ಸ್ವಾಮಿ.

ಹೊಸ ಕಾನೂನು ಮಾಡಿ ಅಂತ ನಾನು ಕೇಳುತ್ತಿಲ್ಲ. ಮಾರುವ ಪೊಟ್ಟಣದ ಮೇಲೆ ಏನೇನು ಬರೆಯಬೇಕು ಅಂತ ಹೇಳುವ ಪೊಟ್ಟಣ ಸಾಮಗ್ರಿಗಳ 2011ರ ನಿಯಮಗಳು ಇವೆ. 2022ರಲ್ಲಿ ಕೇಂದ್ರದವರು, ಬಿಡಿಯಾಗಿ ತೂಗುಹಾಕಿ ಮಾರುವ ರೆಡಿಮೇಡ್ ಬಟ್ಟೆಗೆ ಕೆಲವು ವಿವರ ಬರೆಯಬೇಕಾಗಿಲ್ಲ ಅಂತ ಸಡಿಲ ಕೊಟ್ಟರು. ಸಡಿಲ ಕೊಟ್ಟಾಗಲೂ ಸೈಜನ್ನು ಬಿಡಲಿಲ್ಲ. ಎಸ್, ಎಂ, ಎಲ್, ಎಕ್ಸ್‌ಎಲ್ ಅಂತ ಬರೆದರೆ ಜೊತೆಗೆ ಸೆಂಟಿಮೀಟರ್ ಅಥವಾ ಮೀಟರ್‌ನಲ್ಲೂ ಬರೆಯಬೇಕು ಅಂತಲೇ ಇಟ್ಟರು. ಎಂಆರ್‌ಪಿ, ತಯಾರಕರ ಹೆಸರು, ವಿಳಾಸ ಹೇಗೋ ಇದೂ ಹಾಗೆ.

ನನ್ನ ಮೊದಲ ಕೋರಿಕೆ, ಆ ಸೆಂಟಿಮೀಟರ್ ಯಾವುದರದ್ದು ಅಂತ ಟ್ಯಾಗ್ ಹೇಳಲಿ. 'ಎಕ್ಸ್‌ಎಲ್ / 107 ಸೆಂ.ಮೀ.' ಅಂತ ಬರೆದ ಟ್ಯಾಗ್‌ಗಳು ನನ್ನ ಟೇಬಲ್‌ಗೆ ಬರುತ್ತವೆ. 107 ಅಂದರೆ 42 ಇಂಚು. ಮೈಯದೋ ಬಟ್ಟೆಯದೋ ಅನ್ನುವ ಪ್ರಶ್ನೆ ಅಲ್ಲೂ ಹಾಗೇ ಉಳಿಯಿತು. 'ಎದೆ 107 ಸೆಂ.ಮೀ. ಇರುವವರಿಗೆ' ಅಂತ ಇದ್ದರೆ ಮುಗಿಯಿತು. ಟಾಪ್‌ಗೆ ಎದೆ ಮತ್ತು ಸೀಟು, ಪ್ಯಾಂಟಿಗೆ ಸೊಂಟ ಮತ್ತು ಸೀಟು. ತ್ರೀ ಎಕ್ಸ್‌ಎಲ್‌ನಿಂದ ಮೇಲೆ ರೆಟ್ಟೆಯ ಅಳತೆಯನ್ನೂ ಹಾಕಿಸಿದರೆ ಅರ್ಧ ಪುಣ್ಯ ನಿಮಗೇ. ಇದಕ್ಕೆ ಕೇಂದ್ರದ ಸೂಚನೆ ಬೇಕಾದರೆ ನೀವು ಬರೆದು ಕೇಳಿ. ನನ್ನ ಪತ್ರಕ್ಕಿಂತ ನಿಮ್ಮ ಪತ್ರಕ್ಕೆ ತೂಕ ಜಾಸ್ತಿ.

ಎಲ್ಲರೂ ಒಂದೇ ಅಳತೆಯಲ್ಲಿ ಕತ್ತರಿಸಿ ಅಂತ ತಯಾರಕರಿಗೆ ನಾನು ಹೇಳುವುದಿಲ್ಲ. ಒಬ್ಬರು ಕಾಲೇಜ್ ಹುಡುಗಿಯರಿಗೆ ಹೊಲಿಯಲಿ, ಇನ್ನೊಬ್ಬರು ನನ್ನ ವಯಸ್ಸಿನವರಿಗೆ. ಅವರ ಎಕ್ಸ್‌ಎಲ್ ಇವರ ಲಾರ್ಜ್ ಆದರೂ ತಕರಾರಿಲ್ಲ. ಬರೆದಿದ್ದು ನಿಜ ಆಗಿರಲಿ. 'ಫ್ರೀ ಸೈಜ್' ಅಂತ ಹಾಕುವವರು ಎಷ್ಟರಿಂದ ಎಷ್ಟರವರೆಗೆ ಫ್ರೀ ಅಂತಲೂ ಬರೆಯಲಿ.

ಎರಡನೆಯದು ತಪಾಸಣೆ. ದಸರಾ, ದೀಪಾವಳಿ ಸೇಲ್ ಸಮಯದಲ್ಲಿ ನಿಮ್ಮ ಇನ್‌ಸ್ಪೆಕ್ಟರ್‌ಗಳು ಅಂಗಡಿಗಳಿಗೆ ಹೋದಾಗ ಎಂಆರ್‌ಪಿ ಜೊತೆಗೆ ಸೈಜನ್ನೂ ನೋಡಲಿ. ದೊಡ್ಡ ಯಂತ್ರ ಬೇಡ. ರ್‍ಯಾಕ್‌ನಿಂದ ಒಂದೇ ಡಿಸೈನಿನ ಮೂರು ಎಕ್ಸ್‌ಎಲ್ ತೆಗೆದು, ಟೇಬಲ್ ಮೇಲೆ ಸುಕ್ಕಿಲ್ಲದ ಹಾಗೆ ಹಾಸಿ, ಕಂಕುಳಿನಿಂದ ಒಂದು ಇಂಚು ಕೆಳಗೆ ಅಡ್ಡಕ್ಕೆ ಅಳೆದು ಎರಡರಿಂದ ಗುಣಿಸಿದರೆ ಸಾಕು. ಬಟ್ಟೆಯ ಟೇಪು ಬೇಡ, ಬಳಸಿ ಬಳಸಿ ಹಿಗ್ಗುತ್ತದೆ, ಸ್ಟೀಲ್ ಟೇಪು ಇರಲಿ. ಮೂರೂ ಒಂದೇ ಅಳತೆ ಬಂದರೆ, ಟ್ಯಾಗ್‌ನಲ್ಲಿರುವ ಮೈ ಅಳತೆಗಿಂತ ಮೂರು ನಾಲ್ಕು ಇಂಚು ಜಾಸ್ತಿ ಇದ್ದರೆ, ಆ ತಯಾರಕ ಗಟ್ಟಿ. ಟ್ಯಾಗ್‌ನಲ್ಲಿ ಸೆಂಟಿಮೀಟರೇ ಇಲ್ಲದಿದ್ದರೆ ಏನು ಮಾಡಬೇಕು ಅಂತ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಹಾಗೆ ಅಳೆದಾಗ ಬಂದ ಅಳತೆಯನ್ನು ಬ್ರ್ಯಾಂಡ್ ಹೆಸರಿನ ಜೊತೆ ನಿಮ್ಮ ಕಚೇರಿಯ ಬೋರ್ಡಿನಲ್ಲೋ ವೆಬ್‌ಸೈಟಿನಲ್ಲೋ ಕನ್ನಡದಲ್ಲಿ ಹಾಕಿ. ನಾನು ಅದನ್ನು ಪ್ರಿಂಟ್ ತೆಗೆದು ನನ್ನ ಅಂಗಡಿಯ ಗೋಡೆಗೆ ಅಂಟಿಸುತ್ತೇನೆ.

ಇಂತಿ ನಮಸ್ಕಾರಗಳು,
ಒಬ್ಬ ಆಲ್ಟರೇಷನ್ ಅಂಗಡಿಯವಳು,
ಮೈಸೂರು